ಎರಡು ಕಣ್ಣುಗಳ ನೋಟ ಮತ್ತು ಆಳದ ಗ್ರಹಿಕೆ: ಸಾರ್ವಜನಿಕರಿಗೆ ಮಾಹಿತಿ

ವಾಹನ ಚಾಲನಾ ಪರವಾನಗಿ, ಅಂಗವೈಕಲ್ಯ ಪ್ರಮಾಣಪತ್ರ, ಸರ್ಕಾರಿ ಹುದ್ದೆಗೆ ಸೇರುವ ಮುನ್ನ ಪಡೆಯಬೇಕಾದ ವೈದ್ಯಕೀಯ ಅರ್ಹತಾ ಪತ್ರ ಮುಂತಾದವುಗಳಿಗೆ ಅರ್ಜಿ ಸಲ್ಲಿಸುವವರ ಕಣ್ಣುಗಳನ್ನು ಪರೀಕ್ಷಿಸಲಾಗುತ್ತದೆ. ಈ ಪರೀಕ್ಷೆಯೆಂದರೆ ಗೋಡೆಯ ಮೇಲಿನ ಅಕ್ಷರಗಳನ್ನು ಓದುವುದಷ್ಟೇ ಎಂಬ ಭಾವನೆ ಸಾರ್ವಜನಿಕರಲ್ಲಿ ಇದೆ. ಅಕ್ಷರ ಫಲಕದಿಂದ ತಿಳಿಯುವುದು ದೃಷ್ಟಿಯ ತೀಕ್ಷ್ಣತೆ ಮಾತ್ರ. ಒಂದೊಂದು ಕಣ್ಣಿನಿಂದಲೂ 6/6 ಸಾಲನ್ನು ಸರಾಗವಾಗಿ ಓದುವ ವ್ಯಕ್ತಿಯ ಎರಡು ಕಣ್ಣುಗಳು ಕೂಡಿ ಕೆಲಸ ಮಾಡದೆ ಇರುವ ಸಂಭವವುಂಟು. ಅಂಥವರಿಗೆ ವಸ್ತುಗಳು ಸ್ಪಷ್ಟವಾಗಿ ಕಾಣುತ್ತವೆ. ಆದರೆ ಯಾವುದು ಎಷ್ಟು ಹತ್ತಿರ, ಯಾವುದು ಎಷ್ಟು ದೂರ ಎಂಬುದನ್ನು ಅವರು ಬೇರೆ ದಾರಿಯಿಂದ ತಿಳಿಯಬೇಕಾಗುತ್ತದೆ. ಬಾಲ್ಯದಲ್ಲಿಯೇ ಗಮನಿಸಿದಲ್ಲಿ ಇಂತಹ ಅನೇಕ ಪ್ರಕರಣಗಳನ್ನು ಸರಿಪಡಿಸಬಹುದು. ಆದಕಾರಣ ಎರಡು ಕಣ್ಣುಗಳಿಂದ ಆಳದ ಅರಿವು ಹೇಗೆ ಉಂಟಾಗುತ್ತದೆ, ಅದು ಯಾವಾಗ ತಪ್ಪಿಹೋಗುತ್ತದೆ ಮತ್ತು ಅಂತಹ ಸಂದರ್ಭದಲ್ಲಿ ಏನು ಮಾಡತಕ್ಕದ್ದು ಎಂಬ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಎರಡು ಕಣ್ಣು, ಎರಡು ಚಿತ್ರ

ವಯಸ್ಕರ ಎರಡು ಪಾಪೆಗಳ ನಡುವೆ ಸರಾಸರಿ 6.3 ಸೆಂಟಿಮೀಟರ್ ಅಂತರವಿರುತ್ತದೆ. ಈ ಸಣ್ಣ ಅಂತರವೇ ಮುಂದಿನ ಎಲ್ಲ ವಿಷಯಕ್ಕೂ ಮೂಲ. ಎರಡು ಕಣ್ಣುಗಳು ಒಂದೇ ಜಾಗದಲ್ಲಿ ಇಲ್ಲವಾದ್ದರಿಂದ ಅವು ಒಂದೇ ದೃಶ್ಯವನ್ನು ತುಸು ಬೇರೆ ಬೇರೆ ಕೋನಗಳಿಂದ ನೋಡುತ್ತವೆ. ಇದನ್ನು ಯಾರು ಬೇಕಾದರೂ ಮನೆಯಲ್ಲಿಯೇ ಪರಿಶೀಲಿಸಬಹುದು. ತೋರುಬೆರಳನ್ನು ಮುಖದ ಮುಂದೆ ಒಂದು ಗೇಣು ದೂರದಲ್ಲಿ ಹಿಡಿದು, ಆಚೆ ಗೋಡೆಯ ಮೇಲಿರುವ ಗಡಿಯಾರವನ್ನು ನೋಡಬೇಕು. ಬೆರಳು ಎರಡಾಗಿ ಕಾಣುತ್ತದೆ. ಆಗ ಬಲಗಣ್ಣನ್ನು ಮುಚ್ಚಿದರೆ ಎಡಭಾಗದ ಬೆರಳು ಮಾಯವಾಗುತ್ತದೆ. ಈಗ ಬೆರಳನ್ನೇ ನೋಡಿದರೆ ಗಡಿಯಾರ ಎರಡಾಗುತ್ತದೆ. ಈ ಸಲ ಬಲಗಣ್ಣನ್ನು ಮುಚ್ಚಿದರೆ ಬಲಭಾಗದ ಗಡಿಯಾರ ಮಾಯವಾಗುತ್ತದೆ. ಅಂದರೆ ನಾವು ನೆಟ್ಟು ನೋಡುತ್ತಿರುವ ವಸ್ತುವಿಗಿಂತ ಹತ್ತಿರದಲ್ಲಿರುವುದು ಒಂದು ರೀತಿಯಲ್ಲಿ, ದೂರದಲ್ಲಿರುವುದು ಅದಕ್ಕೆ ತದ್ವಿರುದ್ಧವಾದ ರೀತಿಯಲ್ಲಿ ಸರಿದು ಕಾಣುತ್ತದೆ. ಈ ಸರಿತದ ದಿಕ್ಕು ಹತ್ತಿರವೋ ದೂರವೋ ಎಂಬುದನ್ನು ತಿಳಿಸಿದರೆ, ಸರಿತದ ಪ್ರಮಾಣ ಎಷ್ಟು ಎಂಬುದನ್ನು ತಿಳಿಸುತ್ತದೆ. ಎರಡು ಬಿಂಬಗಳ ನಡುವಣ ಈ ವ್ಯತ್ಯಾಸವನ್ನು ಮುಂದೆ ‘ಬಿಂಬಾಂತರ’ ಎಂದು ಕರೆಯಲಾಗಿದೆ.

ದಿನನಿತ್ಯದ ಬದುಕಿನಲ್ಲಿ ನಮಗೆ ಎಲ್ಲವೂ ಎರಡೆರಡಾಗಿ ಕಾಣುವುದಿಲ್ಲ. ನೆಟ್ಟ ದೃಷ್ಟಿಯ ಆಸುಪಾಸಿನಲ್ಲಿ, ಬಿಂಬಾಂತರವು ಅತ್ಯಲ್ಪವಾಗಿರುವ ಒಂದು ವಲಯವಿದೆ. ಆ ವಲಯದೊಳಗಿನ ಬಿಂಬಗಳನ್ನು ಮೆದುಳು ಒಂದಾಗಿ ಬೆಸೆದು, ಉಳಿದ ಅಲ್ಪ ವ್ಯತ್ಯಾಸವನ್ನು ಆಳವೆಂದು ಗ್ರಹಿಸುತ್ತದೆ. ವಲಯದ ಹೊರಗಿನವು ಎರಡಾಗಿಯೇ ಉಳಿಯುತ್ತವೆಯಾದರೂ ಅವುಗಳ ಕಡೆ ಮನಸ್ಸು ಹೋಗುವುದಿಲ್ಲ. ಮೇಲೆ ಹೇಳಿದ ಬೆರಳಿನ ಪ್ರಯೋಗವನ್ನು ಮಾಡುವವರೆಗೆ ತಮಗೆ ವಸ್ತುಗಳು ಎರಡಾಗಿ ಕಾಣುತ್ತಿವೆ ಎಂಬುದೇ ಅನೇಕರಿಗೆ ತಿಳಿದಿರುವುದಿಲ್ಲ. ಇದು ರೋಗವಲ್ಲ, ಗಾಬರಿಪಡುವ ಅಗತ್ಯವಿಲ್ಲ.

ಈ ವಿಷಯವನ್ನು ಮೊದಲಿಗೆ ಖಚಿತವಾಗಿ ತೋರಿಸಿಕೊಟ್ಟವರು ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್. ಅವರು 1838ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ‘ಸ್ಟೀರಿಯೋಸ್ಕೋಪ್’ ಎಂಬ ಉಪಕರಣವನ್ನು ವಿವರಿಸಿದರು. ಎರಡು ಕನ್ನಡಿಗಳ ನೆರವಿನಿಂದ ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಇನ್ನೊಂದು ರೇಖಾಚಿತ್ರವನ್ನು ತೋರಿಸುವ ಸಾಧನವದು. ಚಿತ್ರಗಳೆರಡೂ ಚಪ್ಪಟೆ ಕಾಗದದ ಮೇಲಿನವು. ಆದರೆ ಎರಡನ್ನೂ ಒಟ್ಟಿಗೆ ನೋಡಿದಾಗ ಘನಾಕೃತಿಯೊಂದು ಗಾಳಿಯಲ್ಲಿ ನಿಂತಂತೆ ಕಂಡಿತು. ಎರಡು ಬಿಂಬಗಳು ಭಿನ್ನವಾಗಿರುವುದು ದೃಷ್ಟಿಯ ದೋಷವಲ್ಲ, ಆಳವನ್ನು ಅರಿಯುವ ಸಾಧನವೇ ಅದು ಎಂಬುದು ಇದರಿಂದ ಸಿದ್ಧವಾಯಿತು. ಗಮನಿಸತಕ್ಕ ಅಂಶವೆಂದರೆ, ಎರಡು ಕಣ್ಣುಗಳಿಗೆ ಭಿನ್ನ ನೋಟ ದೊರೆಯುತ್ತದೆ ಎಂಬ ಸಂಗತಿ ಶತಮಾನಗಳಿಂದ ತಿಳಿದಿತ್ತು. ಚಿತ್ರಕಾರ ಲಿಯೊನಾರ್ಡೊ ಡ ವಿಂಚಿಯೂ ಅದನ್ನು ಬರೆದಿಟ್ಟಿದ್ದ. ಅದರ ಪ್ರಯೋಜನವೇನು ಎಂಬುದು ಹೊಳೆಯಲು 1838ರವರೆಗೆ ಕಾಯಬೇಕಾಯಿತು.

ಮೆದುಳಿನಲ್ಲಿ ನಡೆಯುವುದೇನು

ಕಣ್ಣಿನ ಹಿಂಬದಿಯ ಅಕ್ಷಿಪಟಲದಿಂದ ಹೊರಡುವ ದೃಕ್ ನರಗಳು ಮೆದುಳಿನ ತಳದಲ್ಲಿ ಒಂದೆಡೆ ಸೇರುತ್ತವೆ. ಅಲ್ಲಿ ಪ್ರತಿ ಕಣ್ಣಿನ ನರತಂತುಗಳಲ್ಲಿ ಸುಮಾರು ಅರ್ಧದಷ್ಟು, ಅಂದರೆ ಮೂಗಿನ ಬದಿಯ ಅಕ್ಷಿಪಟಲದಿಂದ ಬಂದವು, ಎದುರು ಪಕ್ಕಕ್ಕೆ ದಾಟುತ್ತವೆ. ಉಳಿದವು ತಮ್ಮ ಪಕ್ಕದಲ್ಲಿಯೇ ಮುಂದುವರಿಯುತ್ತವೆ. ಇದರ ಫಲವಾಗಿ ನಮ್ಮ ಎಡಬದಿಯ ದೃಶ್ಯದ ಸಂದೇಶವು ಎರಡು ಕಣ್ಣುಗಳಿಂದಲೂ ಮೆದುಳಿನ ಬಲಭಾಗಕ್ಕೆ, ಬಲಬದಿಯ ದೃಶ್ಯದ್ದು ಎಡಭಾಗಕ್ಕೆ ತಲುಪುತ್ತದೆ. ದಾರಿಯ ನಡುವಿನ ಕೇಂದ್ರದಲ್ಲಿಯೂ ಎರಡು ಕಣ್ಣುಗಳ ಸಂದೇಶಗಳು ಬೇರೆ ಬೇರೆ ಪದರಗಳಲ್ಲಿ ಪ್ರತ್ಯೇಕವಾಗಿಯೇ ಇರುತ್ತವೆ. ಅವು ನಿಜವಾಗಿ ಕೂಡುವುದು ತಲೆಯ ಹಿಂಭಾಗದಲ್ಲಿರುವ ದೃಷ್ಟಿ ಪ್ರದೇಶದಲ್ಲಿ. ಅಲ್ಲಿನ ಕೆಲವು ನರಕೋಶಗಳು ಎರಡೂ ಕಣ್ಣುಗಳಿಂದ ಸಂದೇಶ ಪಡೆಯುತ್ತವೆ ಮತ್ತು ಒಂದು ನಿರ್ದಿಷ್ಟ ಬಿಂಬಾಂತರ ಇದ್ದಾಗ ಮಾತ್ರ ಹೆಚ್ಚು ಚುರುಕಾಗುತ್ತವೆ. ಇಂತಹ ಕೋಶಗಳು ಬೆಕ್ಕಿನ ಮೆದುಳಿನಲ್ಲಿ ಇರುವುದನ್ನು ಬಾರ್ಲೋ, ಬ್ಲೇಕ್‌ಮೋರ್ ಮತ್ತು ಪೆಟಿಗ್ರೂ ಎಂಬ ವಿಜ್ಞಾನಿಗಳು 1967ರಲ್ಲಿ ಪ್ರಕಟಿಸಿದರು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಮೆದುಳು ಮೊದಲು ‘ಇದು ಮರ, ಇದು ಕಂಬ’ ಎಂದು ಗುರುತಿಸಿ, ಆನಂತರ ಎರಡು ಚಿತ್ರಗಳಲ್ಲಿನ ಮರವನ್ನು ಹೋಲಿಸುತ್ತದೆಯೇ? ಹಂಗೇರಿಯಿಂದ ಅಮೆರಿಕಕ್ಕೆ ಬಂದು ಬೆಲ್ ಪ್ರಯೋಗಾಲಯದಲ್ಲಿದ್ದ ಬೇಲಾ ಯೂಲೆಸ್ 1960ರ ಸುಮಾರಿಗೆ ಇದಕ್ಕೆ ಸೊಗಸಾದ ಉತ್ತರ ಕಂಡುಕೊಂಡರು. ಅವರು ಕಂಪ್ಯೂಟರ್ ಬಳಸಿ, ರಾಗಿಕಾಳು ಚೆಲ್ಲಿದಂತೆ ಅಡ್ಡಾದಿಡ್ಡಿ ಚುಕ್ಕೆಗಳಿರುವ ಎರಡು ಚಿತ್ರಗಳನ್ನು ತಯಾರಿಸಿದರು. ಎರಡೂ ಒಂದೇ, ಆದರೆ ನಡುವಿನ ಒಂದು ಚೌಕದ ಚುಕ್ಕೆಗಳನ್ನು ಒಂದು ಚಿತ್ರದಲ್ಲಿ ತುಸು ಪಕ್ಕಕ್ಕೆ ಸರಿಸಲಾಗಿತ್ತು. ಒಂದು ಕಣ್ಣಿನಿಂದ ನೋಡಿದರೆ ಯಾವ ಆಕಾರವೂ ಇಲ್ಲ. ಎರಡು ಕಣ್ಣುಗಳಿಗೂ ಒಂದೊಂದನ್ನು ತೋರಿಸಿದೊಡನೆ ಚೌಕವು ಹಿನ್ನೆಲೆಯಿಂದ ಎದ್ದು ನಿಲ್ಲುತ್ತದೆ. ವಸ್ತುವನ್ನು ಗುರುತಿಸುವ ಮೊದಲೇ ಮೆದುಳು ಬಿಂಬಾಂತರವನ್ನು ಲೆಕ್ಕ ಹಾಕಬಲ್ಲದು ಎಂಬುದು ಇದರ ಅರ್ಥ. ಇಂದು ಕಣ್ಣಾಸ್ಪತ್ರೆಗಳಲ್ಲಿ ಬಳಸುವ ಕೆಲವು ಪರೀಕ್ಷಾ ಪುಸ್ತಕಗಳು ಈ ಚುಕ್ಕೆ ಚಿತ್ರಗಳನ್ನೇ ಆಧರಿಸಿವೆ. ಒಂದು ಕಣ್ಣಿನಲ್ಲಿ ನೋಡಿ ಊಹಿಸಿ ಹೇಳಲು ಅಲ್ಲಿ ಅವಕಾಶವಿಲ್ಲ.

ಎಷ್ಟು ದೂರದವರೆಗೆ

ಎರಡು ಕಣ್ಣುಗಳಿಂದ ದೊರೆಯುವ ಆಳದ ಅರಿವು ಎಲ್ಲ ದೂರಗಳಲ್ಲಿಯೂ ಸಮನಾಗಿ ನೆರವಾಗುವುದಿಲ್ಲ. ಇದು ಅರ್ಜಿದಾರರಲ್ಲಿ ಹೆಚ್ಚಿನ ತಪ್ಪುಕಲ್ಪನೆಗೆ ಕಾರಣವಾಗಿರುವ ಅಂಶವಾದುದರಿಂದ ಸ್ವಲ್ಪ ವಿವರವಾಗಿ ತಿಳಿಸುವುದು ಸೂಕ್ತ.

ಒಂದು ಡಿಗ್ರಿಯನ್ನು 3600 ಭಾಗ ಮಾಡಿದಾಗ ದೊರೆಯುವ ಒಂದು ಭಾಗಕ್ಕೆ ವಿಕಲೆ ಎಂದು ಹೆಸರು. ಪಂಚಾಂಗ ನೋಡುವವರಿಗೆ ಈ ಪದ ಪರಿಚಿತ. ಸಾಮಾನ್ಯ ದೃಷ್ಟಿಯುಳ್ಳವರು ಆಸ್ಪತ್ರೆಯ ಪರೀಕ್ಷೆಯಲ್ಲಿ ಸುಮಾರು 40 ವಿಕಲೆಯಷ್ಟು ಬಿಂಬಾಂತರವನ್ನು ಗುರುತಿಸುತ್ತಾರೆ. ಬಿಂಬಾಂತರವು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ, ಅಂದರೆ ದೂರ ಎರಡರಷ್ಟಾದರೆ ಬಿಂಬಾಂತರ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಈ ಲೆಕ್ಕದಂತೆ ಅರ್ಧ ಮೀಟರ್ ದೂರದಲ್ಲಿ, ಅಂದರೆ ಸೂಜಿಗೆ ದಾರ ಪೋಣಿಸುವ ಅಥವಾ ಹೂ ಕಟ್ಟುವ ದೂರದಲ್ಲಿ, ಒಂದು ಮಿಲಿಮೀಟರಿಗಿಂತ ಕಡಿಮೆ ಅಂತರವೂ ತಿಳಿಯುತ್ತದೆ. ಒಂದು ಮೀಟರಿನಲ್ಲಿ ಸುಮಾರು 3 ಮಿಲಿಮೀಟರ್. ಹತ್ತು ಮೀಟರ್ ದೂರದಲ್ಲಾದರೆ ಎರಡು ವಸ್ತುಗಳ ನಡುವೆ ಸುಮಾರು 31 ಸೆಂಟಿಮೀಟರ್ ಅಂತರವಿದ್ದರೆ ಮಾತ್ರ ಬಿಂಬಾಂತರದಿಂದ ಅದು ಗೊತ್ತಾಗುತ್ತದೆ. ನೂರು ಮೀಟರಿನಲ್ಲಿ ಈ ಅಂತರ 30 ಮೀಟರನ್ನೂ ಮೀರುತ್ತದೆ. ಆ ದೂರದಲ್ಲಿ ಎರಡು ಕಣ್ಣಿದ್ದರೂ ಈ ಒಂದು ವಿಷಯದಲ್ಲಿ ಹೆಚ್ಚಿನ ಲಾಭವಿಲ್ಲ.

ಹಾಗಾದರೆ ದೂರದ ವಸ್ತುಗಳ ಅಂತರವನ್ನು ಹೇಗೆ ಅರಿಯುತ್ತೇವೆ? ಅದಕ್ಕೆ ಒಂದೇ ಕಣ್ಣು ಸಾಕಾಗುವ ಅನೇಕ ಸುಳಿವುಗಳಿವೆ. ಹತ್ತಿರದ ವಸ್ತು ದೂರದ ವಸ್ತುವನ್ನು ಮರೆಮಾಡುತ್ತದೆ. ಪರಿಚಿತ ವಸ್ತುವು ಚಿಕ್ಕದಾಗಿ ಕಂಡರೆ ಅದು ದೂರದಲ್ಲಿದೆ ಎಂದು ತಿಳಿಯುತ್ತೇವೆ. ರೈಲು ಹಳಿಗಳು ದೂರ ಹೋದಂತೆ ಒಂದನ್ನೊಂದು ಸಮೀಪಿಸಿದಂತೆ ಕಾಣುತ್ತವೆ. ದೂರದ ಬೆಟ್ಟಗಳು ಮಸುಕಾಗಿ ನೀಲಿಯಾಗುತ್ತವೆ. ಇವೆಲ್ಲಕ್ಕಿಂತ ಪ್ರಬಲವಾದುದು ಚಲನೆಯಿಂದ ದೊರೆಯುವ ಸುಳಿವು. ಬಸ್ಸಿನ ಕಿಟಕಿಯಿಂದ ನೋಡುವಾಗ ರಸ್ತೆ ಬದಿಯ ಮರಗಳು ವೇಗವಾಗಿ ಹಿಂದೆ ಓಡುತ್ತವೆ, ಆಚೆಯ ತೆಂಗಿನ ತೋಟ ನಿಧಾನವಾಗಿ ಸರಿಯುತ್ತದೆ, ಬೆಟ್ಟ ಜೊತೆಯಲ್ಲಿಯೇ ಬರುತ್ತಿರುವಂತೆ ತೋರುತ್ತದೆ. ಒಂದು ಕಣ್ಣು ಒಂದಾದಮೇಲೊಂದು ಬೇರೆ ಬೇರೆ ಸ್ಥಳಗಳಿಂದ ನೋಡುವುದರಿಂದ ಎರಡು ಕಣ್ಣುಗಳ ಕೆಲಸದ ಒಂದು ಪಾಲು ಇಲ್ಲಿ ನೆರವೇರುತ್ತದೆ. ಇವಲ್ಲದೆ, ಹತ್ತಿರದ ವಸ್ತುವನ್ನು ನೋಡಲು ಎರಡು ಕಣ್ಣುಗಳು ಮೂಗಿನ ಕಡೆಗೆ ಹೊರಳುವಾಗ ಸ್ನಾಯುಗಳು ಪಡುವ ಶ್ರಮವೂ ಮೆದುಳಿಗೆ ಸೂಚನೆ ನೀಡುತ್ತದೆ. 40 ಸೆಂಟಿಮೀಟರ್ ದೂರದ ಪುಸ್ತಕವನ್ನು ಓದುವಾಗ ಎರಡು ಕಣ್ಣುಗಳ ನೋಟಗಳ ನಡುವೆ ಸುಮಾರು 9 ಡಿಗ್ರಿ ಕೋನವಿರುತ್ತದೆ. 6 ಮೀಟರ್ ದೂರದಲ್ಲಿ ಅದು ಒಂದು ಡಿಗ್ರಿಗೂ ಕಡಿಮೆ.

ಕಣ್ಣುಗಳ ನಡುವಿನ ಅಂತರ ಹೆಚ್ಚಾದಷ್ಟೂ ದೂರದ ಆಳ ತಿಳಿಯುತ್ತದೆ ಎಂಬುದೂ ಮೇಲ್ಕಂಡ ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ. ನಕ್ಷೆ ತಯಾರಿಕೆಯಲ್ಲಿ ಇದೇ ತತ್ವದ ಬಳಕೆಯಾಗುತ್ತದೆ. ವಿಮಾನದಿಂದ ಒಂದರ ಮೇಲೊಂದು ಭಾಗಶಃ ಹೊಂದುವಂತೆ ತೆಗೆದ ಚಿತ್ರಗಳನ್ನು ಜೋಡಿಯಾಗಿ ನೋಡಿ ನೆಲದ ಏರುತಗ್ಗುಗಳನ್ನು ಅಳೆಯಲಾಗುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2005ರ ಮೇ 5ರಂದು ಉಡಾಯಿಸಿದ ಕಾರ್ಟೋಸ್ಯಾಟ್-1 ಉಪಗ್ರಹದಲ್ಲಿ ಎರಡು ಕ್ಯಾಮೆರಾಗಳಿದ್ದವು. ಒಂದು 26 ಡಿಗ್ರಿ ಮುಂದಕ್ಕೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ ವಾಲಿದ್ದು, ಒಂದೇ ನೆಲದ ಎರಡು ನೋಟಗಳನ್ನು ಅವು ಸೆರೆಹಿಡಿಯುತ್ತಿದ್ದವು. ಅವುಗಳಿಂದ ದೇಶದ ನೆಲದ ಎತ್ತರದ ನಕ್ಷೆಗಳು ತಯಾರಾದವು.

ಒಂದು ಕಣ್ಣಿನ ದೃಷ್ಟಿಯುಳ್ಳವರು

ಒಂದು ಕಣ್ಣನ್ನು ಕಳೆದುಕೊಂಡವರು ಆಳವನ್ನೇ ಅರಿಯಲಾರರು ಎಂಬ ಮಾತು ಸರಿಯಲ್ಲ. ಅವರು ಕಳೆದುಕೊಳ್ಳುವುದು ಬಿಂಬಾಂತರದಿಂದ ದೊರೆಯುವ ಅರಿವನ್ನು; ಮೇಲೆ ವಿವರಿಸಿದ ಉಳಿದ ಸುಳಿವುಗಳು ಅವರಿಗೂ ಲಭ್ಯ. ಆರಂಭದ ತಿಂಗಳುಗಳು ಕಷ್ಟಕರ. ಲೋಟಕ್ಕೆ ನೀರು ಸುರಿದರೆ ಹೊರಗೆ ಚೆಲ್ಲುತ್ತದೆ, ಮೆಟ್ಟಿಲಿನ ಕೊನೆಯ ಹಂತ ತಪ್ಪುತ್ತದೆ, ಕೈಕುಲುಕಲು ಚಾಚಿದ ಕೈ ಗಾಳಿಯಲ್ಲಿ ಉಳಿಯುತ್ತದೆ. ಕ್ರಮೇಣ ತಲೆಯನ್ನು ತುಸು ಅತ್ತಿತ್ತ ಆಡಿಸಿ ನೋಡುವ ಅಭ್ಯಾಸ ತಾನಾಗಿಯೇ ಬರುತ್ತದೆ. ನೀರು ಸುರಿಯುವಾಗ ಹೂಜಿಯ ಬಾಯಿಯನ್ನು ಲೋಟದ ಅಂಚಿಗೆ ತಾಗಿಸುವುದು ಮುಂತಾದ ಸಣ್ಣ ಉಪಾಯಗಳೂ ನೆರವಾಗುತ್ತವೆ.

ಕ್ರಿಕೆಟ್ ಆಟಗಾರ ಮನ್ಸೂರ್ ಅಲಿ ಖಾನ್ ಪಟೌಡಿಯವರ ಉದಾಹರಣೆಯನ್ನು ಇಲ್ಲಿ ಸ್ಮರಿಸಬಹುದು. 1961ರ ಜುಲೈನಲ್ಲಿ ಇಂಗ್ಲೆಂಡಿನ ಹೋವ್ ಪಟ್ಟಣದಲ್ಲಿ ನಡೆದ ಕಾರು ಅಪಘಾತದಲ್ಲಿ ಗಾಜಿನ ಚೂರು ಹೊಕ್ಕು ಅವರ ಬಲಗಣ್ಣಿಗೆ ಶಾಶ್ವತ ಹಾನಿಯಾಯಿತು. ಆಗ ಅವರಿಗೆ 20 ವರ್ಷ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಭಾರತದ ಪರವಾಗಿ ಮೊದಲ ಟೆಸ್ಟ್ ಆಡಿದರು. 1962ರ ಜನವರಿಯಲ್ಲಿ ಮದ್ರಾಸಿನಲ್ಲಿ 103 ರನ್ ಗಳಿಸಿದರು. ಅದೇ ಮಾರ್ಚ್‌ನಲ್ಲಿ 21ನೇ ವಯಸ್ಸಿಗೆ ತಂಡದ ನಾಯಕರಾದರು. ಒಟ್ಟು 46 ಟೆಸ್ಟ್‌ಗಳಲ್ಲಿ 6 ಶತಕಗಳನ್ನು ಗಳಿಸಿದರು. ವೇಗವಾಗಿ ಬರುವ ಚೆಂಡಿನ ವಿಷಯದಲ್ಲಿ ಅದರ ಬಿಂಬ ಎಷ್ಟು ಬೇಗ ಹಿಗ್ಗುತ್ತಿದೆ ಎಂಬ ಸುಳಿವು ಒಂದು ಕಣ್ಣಿಗೂ ದೊರೆಯುತ್ತದೆ. ಆದರೂ ಇದು ಎಲ್ಲರಿಗೂ ಸಾಧ್ಯವಾಗುವ ಮಾತಲ್ಲವೆಂಬುದನ್ನು ಹೇಳದೆ ಇರಲಾಗದು. ಒಬ್ಬ ಅಸಾಧಾರಣ ಆಟಗಾರನ ಸಾಧನೆಯನ್ನು ಮುಂದಿಟ್ಟು, ಕಣ್ಣು ಕಳೆದುಕೊಂಡ ಕಾರ್ಮಿಕನ ತೊಂದರೆಯನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ.

ವಾಹನ ಚಾಲನೆಯಲ್ಲಿ ಒಂದು ಕಣ್ಣಿನವರಿಗೆ ಎದುರಾಗುವ ಮುಖ್ಯ ಕೊರತೆ ಆಳದ್ದಲ್ಲ, ಪಕ್ಕದ ನೋಟದ್ದು. ಎರಡು ಕಣ್ಣುಗಳಿಂದ ಅಡ್ಡಲಾಗಿ ಸುಮಾರು 190 ಡಿಗ್ರಿಯಷ್ಟು ವಿಸ್ತಾರ ಕಾಣುತ್ತದೆ. ಅದರಲ್ಲಿ ನಡುವಿನ ಸುಮಾರು 120 ಡಿಗ್ರಿ ಮಾತ್ರ ಎರಡೂ ಕಣ್ಣುಗಳಿಗೆ ಸಾಮಾನ್ಯ. ಒಂದು ಕಣ್ಣು ಇಲ್ಲವಾದರೆ ಆ ಬದಿಯ ಅಂಚಿನ ನೋಟ ಪೂರ್ತಿಯಾಗಿ ಇಲ್ಲವಾಗುತ್ತದೆ. ಆ ಕಡೆಯಿಂದ ಬರುವ ದ್ವಿಚಕ್ರ ವಾಹನ ಕಾಣಬೇಕಾದರೆ ತಲೆ ತಿರುಗಿಸಲೇಬೇಕು. ವಾಹನವನ್ನು ಹಿಂದಕ್ಕೆ ನಡೆಸಿ ನಿಲ್ಲಿಸುವಾಗ ಮತ್ತು ಇಕ್ಕಟ್ಟಾದ ಜಾಗದಲ್ಲಿ ಹಾಯುವಾಗ ಹತ್ತಿರದ ಆಳದ ಕೊರತೆಯೂ ಸೇರಿಕೊಳ್ಳುತ್ತದೆ.

ಅರ್ಜಿದಾರರ ಗಮನಕ್ಕೆ

ಚಾಲನಾ ಪರವಾನಗಿಗಾಗಿ ಸಲ್ಲಿಸುವ ನಮೂನೆ-1ರ ಸ್ವಯಂ ಘೋಷಣೆಯಲ್ಲಿ, ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಮೋಟಾರು ಕಾರಿನ ನೋಂದಣಿ ಫಲಕವನ್ನು ಗುರುತಿಸಬಲ್ಲಿರಾ ಎಂದು ಕೇಳಲಾಗುತ್ತದೆ. ಕನ್ನಡಕ ಧರಿಸುವವರು ಅದನ್ನು ಧರಿಸಿಯೇ ಉತ್ತರಿಸಬಹುದು. ಸಾರಿಗೆ ವಾಹನಗಳ ಪರವಾನಗಿಗೆ ನೋಂದಾಯಿತ ವೈದ್ಯರು ನೀಡುವ ನಮೂನೆ-1ಎ ಪ್ರಮಾಣಪತ್ರ ಅಗತ್ಯ. ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿರುವ ಸಂಗತಿಯನ್ನು ಘೋಷಣೆಯಲ್ಲಿ ಮರೆಮಾಚತಕ್ಕದ್ದಲ್ಲ. ಅಪಘಾತ ಸಂಭವಿಸಿದಲ್ಲಿ ಸುಳ್ಳು ಘೋಷಣೆಯು ಅರ್ಜಿದಾರರಿಗೇ ಮುಳುವಾಗುತ್ತದೆ. ರೈಲ್ವೆ ಮತ್ತು ರಕ್ಷಣಾ ಪಡೆಗಳ ಕೆಲವು ಹುದ್ದೆಗಳಿಗೆ ಎರಡು ಕಣ್ಣುಗಳ ಕೂಡು ದೃಷ್ಟಿ ಇರಬೇಕೆಂಬ ನಿಬಂಧನೆಯಿದೆ. ಅಂತಹ ಹುದ್ದೆಗಳಿಗೆ ಸಿದ್ಧತೆ ನಡೆಸುವ ಅಭ್ಯರ್ಥಿಗಳು ಲಿಖಿತ ಪರೀಕ್ಷೆ, ದೈಹಿಕ ಪರೀಕ್ಷೆ ಎಲ್ಲ ಮುಗಿದ ಬಳಿಕ ವೈದ್ಯಕೀಯ ಪರೀಕ್ಷೆಯಲ್ಲಿ ಅನರ್ಹರಾಗಿ ನಿರಾಶೆಗೊಳ್ಳುವುದಕ್ಕಿಂತ, ಆರಂಭದಲ್ಲಿಯೇ ನೇತ್ರತಜ್ಞರಿಂದ ತಪಾಸಣೆ ಮಾಡಿಸಿಕೊಳ್ಳುವುದು ಮೇಲು.

ಅಂಗವೈಕಲ್ಯ ಪ್ರಮಾಣಪತ್ರದ ಬಗ್ಗೆ ಗೊಂದಲ ಹೆಚ್ಚು. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅಡಿಯಲ್ಲಿ ಮೀಸಲಾತಿ ಮುಂತಾದ ಸೌಲಭ್ಯಗಳಿಗೆ ಶೇಕಡ 40ರಷ್ಟು ವೈಕಲ್ಯವು ಕನಿಷ್ಠ ಮಟ್ಟ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಮಾರ್ಗಸೂಚಿಯಲ್ಲಿ, ಒಂದು ಕಣ್ಣಿನ ದೃಷ್ಟಿ ಸಂಪೂರ್ಣ ಹೋಗಿದ್ದು ಇನ್ನೊಂದು ಕಣ್ಣು 6/18 ಅಥವಾ ಅದಕ್ಕಿಂತ ಉತ್ತಮವಾಗಿದ್ದಲ್ಲಿ ವೈಕಲ್ಯವನ್ನು ಶೇಕಡ 30 ಎಂದು ನಿಗದಿಪಡಿಸಲಾಗಿತ್ತು. ಅಂದರೆ ಇದೊಂದೇ ಕಾರಣದಿಂದ 40ರ ಮಟ್ಟ ತಲುಪುವುದಿಲ್ಲ. ಹಾಗೆಂದು ಅರ್ಜಿಯನ್ನೇ ಸಲ್ಲಿಸದೆ ಇರಬೇಕಾಗಿಲ್ಲ. ಉಳಿದ ಕಣ್ಣಿನಲ್ಲಿಯೂ ದೃಷ್ಟಿ ಕುಂದಿದ್ದರೆ ಅಥವಾ ನೋಟದ ವಿಸ್ತಾರ ಕಡಿಮೆಯಾಗಿದ್ದರೆ ಪ್ರಮಾಣ ಬದಲಾಗುತ್ತದೆ. ನಿರ್ಣಯವು ಪರೀಕ್ಷಿಸಿದ ವೈದ್ಯಕೀಯ ಪ್ರಾಧಿಕಾರದ್ದು. ಆಳದ ಗ್ರಹಿಕೆ ಇಲ್ಲವೆಂಬ ಅಂಶಕ್ಕೆ ಸದರಿ ಕೋಷ್ಟಕದಲ್ಲಿ ಪ್ರತ್ಯೇಕ ಅಂಕವಿರಲಿಲ್ಲ. ಅಲ್ಲಿ ಲೆಕ್ಕಕ್ಕೆ ಬರುತ್ತಿದ್ದುದು ತೀಕ್ಷ್ಣತೆ ಮತ್ತು ನೋಟದ ವಿಸ್ತಾರ.

ಮಕ್ಕಳ ವಿಷಯದಲ್ಲಿ ವಿಳಂಬ ಸಲ್ಲದು

ಈ ಪುಟದಲ್ಲಿ ತಂದೆತಾಯಿಗಳು ಮುಖ್ಯವಾಗಿ ಓದಬೇಕಾದ ಭಾಗ ಇದು. ಎರಡು ಕಣ್ಣುಗಳ ನೋಟವನ್ನು ಬೆಸೆಯುವ ಶಕ್ತಿಯು ಹುಟ್ಟಿದ ದಿನದಿಂದಲೇ ಇರುವುದಿಲ್ಲ. ಸಾಮಾನ್ಯವಾಗಿ ಮಗುವಿಗೆ ಮೂರರಿಂದ ಐದು ತಿಂಗಳು ತುಂಬುವ ವೇಳೆಗೆ ಅದು ಕಾಣಿಸಿಕೊಂಡು, ಮುಂದಿನ ವರ್ಷಗಳಲ್ಲಿ ಬಲಗೊಳ್ಳುತ್ತದೆ. ಈ ಅವಧಿಯಲ್ಲಿ ಎರಡೂ ಕಣ್ಣುಗಳಿಂದ ಸ್ಪಷ್ಟವಾದ, ಒಂದೇ ಕಡೆ ನೆಟ್ಟ ಬಿಂಬಗಳು ಮೆದುಳಿಗೆ ದೊರೆಯಬೇಕು. ದೊರೆಯದಿದ್ದರೆ ಏನಾಗುತ್ತದೆ ಎಂಬುದನ್ನು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳಲ್ಲಿ ಕಂಡುಕೊಂಡರು. ಎಳೆಯ ಮರಿಯ ಒಂದು ಕಣ್ಣನ್ನು ಕೆಲವು ವಾರಗಳ ಕಾಲ ಮುಚ್ಚಿಟ್ಟರೆ, ಆನಂತರ ತೆರೆದರೂ ಮೆದುಳಿನ ಕೋಶಗಳು ಆ ಕಣ್ಣಿಗೆ ಸ್ಪಂದಿಸಲಿಲ್ಲ. ಬೆಳೆದ ಬೆಕ್ಕಿನಲ್ಲಿ ಹೀಗಾಗಲಿಲ್ಲ. ಮರಿಗಳಲ್ಲಿ ಕೃತಕವಾಗಿ ಮಾಲುಗಣ್ಣು ಉಂಟುಮಾಡಿದಾಗ, ಎರಡೂ ಕಣ್ಣುಗಳಿಗೆ ಸ್ಪಂದಿಸುವ ಕೋಶಗಳು ಬಹುಪಾಲು ಕಾಣೆಯಾದವು. ದೃಷ್ಟಿಯ ಕುರಿತ ಸಂಶೋಧನೆಗಳಿಗಾಗಿ ಇವರಿಗೆ 1981ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಮಕ್ಕಳಲ್ಲಿಯೂ ಇದೇ ಆಗುತ್ತದೆ. ಒಂದು ಕಣ್ಣು ಓರೆಯಾಗಿದ್ದಾಗ ಮೆದುಳಿಗೆ ಎರಡು ಹೊಂದದ ಚಿತ್ರಗಳು ಬರುತ್ತವೆ. ವಯಸ್ಕರಿಗಾದರೆ ಎಲ್ಲವೂ ಎರಡಾಗಿ ಕಂಡು ಅವರು ಕೂಡಲೆ ವೈದ್ಯರಲ್ಲಿಗೆ ಹೋಗುತ್ತಾರೆ. ಮಗುವಿನ ಮೆದುಳು ಓರೆಯಾದ ಕಣ್ಣಿನ ಚಿತ್ರವನ್ನು ಅದುಮಿಬಿಡುತ್ತದೆ. ಮಗು ದೂರುವುದಿಲ್ಲ, ಏಕೆಂದರೆ ಅದಕ್ಕೆ ತೊಂದರೆಯೇ ಇಲ್ಲ. ಹೀಗೆ ಬಳಕೆ ತಪ್ಪಿದ ಕಣ್ಣಿನ ದೃಷ್ಟಿ ಕುಂಠಿತವಾಗುತ್ತದೆ. ಇದಕ್ಕೆ ‘ಸೋಮಾರಿ ಕಣ್ಣು’ ಎಂಬ ರೂಢಿಯ ಹೆಸರಿದೆ. ಕಣ್ಣು ಓರೆಯಿಲ್ಲದೆಯೂ ಇದು ಬರಬಹುದು: ಒಂದು ಕಣ್ಣಿನ ನಂಬರ್ ಇನ್ನೊಂದಕ್ಕಿಂತ ಬಹಳ ಹೆಚ್ಚಿದ್ದರೆ ಅಥವಾ ಹುಟ್ಟಿನಿಂದ ಪೊರೆಯಿದ್ದರೆ. ನೋಡಲು ಎರಡೂ ಕಣ್ಣು ಸರಿಯಾಗಿಯೇ ಇರುವ ಇಂತಹ ಮಕ್ಕಳು ಶಾಲಾ ತಪಾಸಣೆಯವರೆಗೆ ಯಾರ ಗಮನಕ್ಕೂ ಬಾರದೆ ಉಳಿಯುತ್ತಾರೆ.

ಮೆಳ್ಳೆಗಣ್ಣು ಅದೃಷ್ಟದ ಗುರುತು, ಅದನ್ನು ಮುಟ್ಟಬಾರದು ಎಂಬ ನಂಬಿಕೆ ಕೆಲವೆಡೆ ಇದೆ. ಬೆಳೆದಂತೆ ತಾನೇ ಸರಿಹೋಗುತ್ತದೆ ಎಂದು ಹಿರಿಯರು ಸಮಾಧಾನ ಹೇಳುವುದೂ ಉಂಟು. ಮೊದಲ ಮೂರು ನಾಲ್ಕು ತಿಂಗಳಲ್ಲಿ ಕಣ್ಣು ಆಗಾಗ್ಗೆ ಓರೆಯಾಗುವುದು ಸಹಜವಿರಬಹುದು. ಎಳೆಯ ಮಕ್ಕಳ ಮೂಗಿನ ಬುಡ ಅಗಲವಾಗಿರುವುದರಿಂದ ಓರೆಯಿಲ್ಲದ ಕಣ್ಣೂ ಓರೆಯಂತೆ ತೋರಬಹುದು. ಆ ವಯಸ್ಸಿನ ಬಳಿಕವೂ ಓರೆ ಕಂಡರೆ ಕಾಯುವುದು ನಷ್ಟಕರ. ಪಾಪೆಯಲ್ಲಿ ಬಿಳಿ ಹೊಳಪು ಕಂಡರಂತೂ, ಫೋಟೋದಲ್ಲಿ ಕಂಡರೂ ಸಹ, ಒಂದು ದಿನವೂ ತಡಮಾಡದೆ ನೇತ್ರತಜ್ಞರಿಗೆ ತೋರಿಸತಕ್ಕದ್ದು. ಪೊರೆ ಅಥವಾ ಕಣ್ಣಿನೊಳಗಿನ ಗಡ್ಡೆಯ ಸೂಚನೆ ಅದಾಗಿರಬಹುದು. ಹುಟ್ಟಿನಿಂದ ಒಂದು ಕಣ್ಣಿನಲ್ಲಿ ದಟ್ಟ ಪೊರೆಯಿದ್ದರೆ ಮೊದಲ ಎರಡು ತಿಂಗಳೊಳಗಿನ ಶಸ್ತ್ರಚಿಕಿತ್ಸೆಯಿಂದಲೇ ಉತ್ತಮ ಫಲ.

ಸೋಮಾರಿ ಕಣ್ಣಿನ ಚಿಕಿತ್ಸೆ ಸರಳ, ಆದರೆ ತಾಳ್ಮೆ ಬೇಡುತ್ತದೆ. ಮೊದಲು ಸೂಕ್ತ ಕನ್ನಡಕ. ಬಳಿಕ ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಅಂಟಿಸಿ, ಕುಂಠಿತ ಕಣ್ಣು ದುಡಿಯುವಂತೆ ಮಾಡುವುದು. ಅಗತ್ಯವಿದ್ದಲ್ಲಿ ಕಣ್ಣಿನ ಸ್ನಾಯುಗಳ ಶಸ್ತ್ರಚಿಕಿತ್ಸೆ. ಏಳು ವರ್ಷದೊಳಗೆ ಆರಂಭಿಸಿದರೆ ಹೆಚ್ಚಿನ ಸುಧಾರಣೆ ಕಾಣುತ್ತದೆ. ಆ ವಯಸ್ಸು ಮೀರಿದ ಮಕ್ಕಳಲ್ಲಿಯೂ ಸ್ವಲ್ಪ ಮಟ್ಟಿನ ಫಲ ದೊರೆಯುವುದರಿಂದ ತಡವಾಯಿತೆಂದು ಕೈಬಿಡಬಾರದು. ಪಟ್ಟಿ ಅಂಟಿಸಿಕೊಂಡ ಮಗುವನ್ನು ಶಾಲೆಯಲ್ಲಿ ಇತರರು ಗೇಲಿ ಮಾಡುವುದರಿಂದ ಚಿಕಿತ್ಸೆ ಅರ್ಧಕ್ಕೆ ನಿಲ್ಲಬಾರದು; ಶಿಕ್ಷಕರಿಗೆ ಮುಂಚಿತವಾಗಿ ತಿಳಿಸಿದರೆ ಅನುಕೂಲ.

ವಯಸ್ಕರಲ್ಲಿಯೂ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ ಎಂಬುದಕ್ಕೆ ಅಮೆರಿಕದ ನರವಿಜ್ಞಾನಿ ಸೂಸನ್ ಬ್ಯಾರಿ ನಿದರ್ಶನ. ಎಳವೆಯಿಂದ ಮಾಲುಗಣ್ಣಿದ್ದ ಅವರಿಗೆ, ಕಣ್ಣುಗಳ ಅಭ್ಯಾಸ ಚಿಕಿತ್ಸೆಯ ಬಳಿಕ 48ನೇ ವಯಸ್ಸಿನಲ್ಲಿ ಮೊದಲ ಬಾರಿಗೆ ಆಳ ಕಾಣತೊಡಗಿತು. ತಮ್ಮ ಅನುಭವವನ್ನು ಅವರು 2009ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಇಂತಹ ಪ್ರಕರಣಗಳು ವಿರಳ. ವಯಸ್ಕರಿಗೆ ಖಚಿತ ಫಲದ ಭರವಸೆ ನೀಡಿ ಹಣ ಕೇಳುವ ಜಾಹೀರಾತುಗಳ ಬಗ್ಗೆ ಎಚ್ಚರವಿರಲಿ.

ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಗಾಗಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಿಗೆ ಭೇಟಿ ನೀಡುತ್ತವೆ. ದೃಷ್ಟಿದೋಷ ಮತ್ತು ಹುಟ್ಟು ಪೊರೆ ಇದರ ವ್ಯಾಪ್ತಿಯಲ್ಲಿವೆ. ದೋಷ ಕಂಡುಬಂದ ಮಕ್ಕಳನ್ನು ಉಚಿತ ಚಿಕಿತ್ಸೆಗಾಗಿ ಮುಂದಿನ ಹಂತಕ್ಕೆ ಕಳುಹಿಸಲಾಗುತ್ತದೆ. ತಂಡ ಬರುವ ದಿನ ಮಗು ಗೈರುಹಾಜರಾಗದಂತೆ ನೋಡಿಕೊಳ್ಳುವುದು. ಶಾಲೆಗೆ ಸೇರದ ಮಕ್ಕಳ ಬಗ್ಗೆ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯರಿಗೆ ತಿಳಿಸಬಹುದು.

ಹಿರಿಯರು ಮತ್ತು ಇತರ ಸಂದರ್ಭಗಳು

ಒಂದು ಕಣ್ಣಿನ ಪೊರೆ ತೆಗೆಸಿ, ‘ಸದ್ಯಕ್ಕೆ ಒಂದು ಸಾಕು’ ಎಂದು ಇನ್ನೊಂದನ್ನು ವರ್ಷಗಟ್ಟಲೆ ಮುಂದೂಡುವ ಹಿರಿಯರಿದ್ದಾರೆ. ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು ಆಗಿರುವಾಗ ಬಿಂಬಗಳು ಬೆಸೆಯುವುದಿಲ್ಲ. ಮೆಟ್ಟಿಲು, ಹೊಸ್ತಿಲು, ಚರಂಡಿಯ ಅಂಚುಗಳಲ್ಲಿ ಎಡವುವ ಅಪಾಯ ಹೆಚ್ಚು. ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆಯ ಬಳಿಕ ಆಳದ ಗ್ರಹಿಕೆ ಸುಧಾರಿಸುವುದು ಕಂಡುಬಂದಿದೆ. ಆದ್ದರಿಂದ ಎರಡನೆಯದನ್ನು ಅನಗತ್ಯ ಖರ್ಚೆಂದು ಮನೆಯವರು ಭಾವಿಸಬಾರದು.

ಒಂದು ಕಣ್ಣಿಗೆ ಮಾತ್ರ ಬೆಳಕು ಕಡಿಮೆಯಾದರೂ ಆಳ ತಪ್ಪಾಗಿ ಕಾಣುತ್ತದೆ. ಒಂದು ಕಣ್ಣಿನ ಮುಂದೆ ಕಪ್ಪು ಗಾಜು ಹಿಡಿದು, ಅಡ್ಡಲಾಗಿ ತೂಗುವ ಲೋಲಕವನ್ನು ಎರಡೂ ಕಣ್ಣುಗಳಿಂದ ನೋಡಿದರೆ ಅದು ಸುತ್ತು ಹಾಕುತ್ತಿರುವಂತೆ ತೋರುತ್ತದೆ. ಮಬ್ಬಾದ ಕಣ್ಣಿನ ಸಂದೇಶ ಮೆದುಳಿಗೆ ತಡವಾಗಿ ತಲುಪುವುದೇ ಕಾರಣ. ಜರ್ಮನಿಯ ಕಾರ್ಲ್ ಪುಲ್‌ಫ್ರಿಕ್ ಇದನ್ನು 1922ರಲ್ಲಿ ವಿವರಿಸಿದರು. ಅವರಿಗೆ ಒಂದು ಕಣ್ಣಿನ ದೃಷ್ಟಿ ಹೋಗಿದ್ದುದರಿಂದ, ತಮ್ಮ ಹೆಸರಿನ ಈ ಪರಿಣಾಮವನ್ನು ಅವರು ಸ್ವತಃ ನೋಡುವಂತಿರಲಿಲ್ಲ. ಒಂದು ಕಣ್ಣಿನ ಪೊರೆ ಅಥವಾ ದೃಕ್ ನರದ ಉರಿಯೂತವಿರುವವರಿಗೆ ಗಾಜಿಲ್ಲದೆಯೇ ಇಂತಹ ಭ್ರಮೆ ಉಂಟಾಗಬಹುದು.

ತ್ರೀಡಿ ಚಲನಚಿತ್ರಗಳು ಎರಡು ಕಣ್ಣಿಗೆ ಎರಡು ಚಿತ್ರ ತೋರಿಸುವ ವೀಟ್‌ಸ್ಟನ್‌ರ ಉಪಾಯವನ್ನೇ ಬಳಸುತ್ತವೆ. 1984ರ ಮಲಯಾಳಂ ಚಿತ್ರ ‘ಮೈ ಡಿಯರ್ ಕುಟ್ಟಿಚಾತನ್’ ಹಾಗೂ 2012ರ ಕನ್ನಡದ ‘ಕಠಾರಿವೀರ ಸುರಸುಂದರಾಂಗಿ’ಯನ್ನು ವಿಶೇಷ ಕನ್ನಡಕ ಧರಿಸಿ ನೋಡಿದವರಿಗೆ ಇದರ ಅನುಭವವಿದೆ. ಸ್ವಲ್ಪ ತಲೆನೋವು ಬರುವುದು ಸಾಮಾನ್ಯ. ಏಕೆಂದರೆ ಕಣ್ಣುಗಳು ತೆರೆಯ ಮುಂದಿನ ಬಿಂದುವಿಗೆ ಹೊರಳುತ್ತವೆ, ಸ್ಪಷ್ಟತೆ ಮಾತ್ರ ತೆರೆಯ ಮೇಲೆಯೇ ಇರಬೇಕಾಗುತ್ತದೆ. ಆದರೆ ಕನ್ನಡಕ ಧರಿಸಿದರೂ ಯಾವುದೂ ಮುಂದೆ ಬಂದಂತೆ ಕಾಣದಿದ್ದರೆ, ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಲು ಅದೊಂದು ಕಾರಣ. ವಯಸ್ಕರಿಗೆ ಇದ್ದಕ್ಕಿದ್ದಂತೆ ಎಲ್ಲವೂ ಎರಡಾಗಿ ಕಾಣತೊಡಗಿದರೆ ಅದು ಮೆದುಳು ಅಥವಾ ನರಗಳ ತುರ್ತು ತೊಂದರೆಯ ಲಕ್ಷಣವಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು.

ತಪಾಸಣೆಗೆ ಹೋಗುವಾಗ

ಆಳದ ಗ್ರಹಿಕೆಯ ಪರೀಕ್ಷೆಗೆ ನೋವಾಗಲಿ ಔಷಧಿಯಾಗಲಿ ಇಲ್ಲ. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಬಳಕೆಯಲ್ಲಿರುವ ಒಂದು ಪರೀಕ್ಷೆಯಲ್ಲಿ, ವಿಶೇಷ ಕನ್ನಡಕ ಹಾಕಿದ ಮಗುವಿಗೆ ದೊಡ್ಡ ನೊಣದ ಚಿತ್ರ ತೋರಿಸಿ ರೆಕ್ಕೆ ಹಿಡಿಯುವಂತೆ ಹೇಳಲಾಗುತ್ತದೆ. ಎರಡು ಕಣ್ಣುಗಳ ನೋಟ ಬೆಸೆಯುವ ಮಗು ಕಾಗದಕ್ಕಿಂತ ಮೇಲೆ, ಗಾಳಿಯಲ್ಲಿ, ಬೆರಳುಗಳನ್ನು ಕೂಡಿಸುತ್ತದೆ. ಬೆಸೆಯದ ಮಗು ಕಾಗದವನ್ನೇ ಮುಟ್ಟುತ್ತದೆ. ಅಕ್ಷರ ಬಾರದ ಮಕ್ಕಳಿಗೂ ಇದು ಸಾಧ್ಯ. ದೂರದ ಅಥವಾ ಓದುವ ಕನ್ನಡಕವಿದ್ದಲ್ಲಿ ತಪ್ಪದೆ ತರುವುದು, ಏಕೆಂದರೆ ಕನ್ನಡಕವಿಲ್ಲದೆ ದೊರೆತ ಫಲಿತಾಂಶ ನಿಜಕ್ಕಿಂತ ಕೆಳಮಟ್ಟದಲ್ಲಿರುತ್ತದೆ. ಹಿಂದಿನ ಚೀಟಿಗಳು, ಶಸ್ತ್ರಚಿಕಿತ್ಸೆಯಾಗಿದ್ದಲ್ಲಿ ಅದರ ದಾಖಲೆಗಳು ಮತ್ತು ಓರೆಗಣ್ಣಿನ ಮಕ್ಕಳಾದರೆ ಬೇರೆ ಬೇರೆ ವಯಸ್ಸಿನಲ್ಲಿ ತೆಗೆದ ಎರಡು ಮೂರು ಭಾವಚಿತ್ರಗಳನ್ನು ಜೊತೆಯಲ್ಲಿ ತಂದರೆ, ಓರೆ ಯಾವಾಗ ಆರಂಭವಾಯಿತೆಂಬುದನ್ನು ವೈದ್ಯರು ನಿರ್ಧರಿಸಲು ಅನುಕೂಲವಾಗುತ್ತದೆ. ಪರೀಕ್ಷೆಗಾಗಿ ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿದಲ್ಲಿ ಕೆಲವು ಗಂಟೆಗಳ ಕಾಲ ಹತ್ತಿರದ ನೋಟ ಮಂಜಾಗಿರುತ್ತದೆಯಾದ ಕಾರಣ, ಅಂದು ಸ್ವತಃ ವಾಹನ ಚಲಾಯಿಸಿಕೊಂಡು ಬರಬಾರದು.